ಯಂತ್ರದ ಆಸರೆಯೂ ಅದರ ಅಳತೆಯೂ

ಪಾರ್ಶ್ವವಾಯುವಿನಿಂದ ಕೈಕಾಲುಗಳ ಸ್ವಾಧೀನ ತಪ್ಪಿದವರಿಗೆ ಒಂದೇ ಚಲನೆಯನ್ನು ನೂರಾರು ಬಾರಿ ಮಾಡಿಸುವುದು ಚಿಕಿತ್ಸೆಯ ಮುಖ್ಯ ಅಂಗ. ಈ ಶ್ರಮವನ್ನು ಹಂಚಿಕೊಳ್ಳಲು ರೋಬೋಟುಗಳು ಬಂದಿವೆ. ಅಮೆರಿಕದಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೊ ಕ್ರೆಬ್ಸ್ ರೂಪಿಸಿದ 'ಎಂಐಟಿ-ಮ್ಯಾನಸ್' ತೋಳಿಗೆ ವ್ಯಾಯಾಮ ಮಾಡಿಸುತ್ತದೆ; ಸ್ವಿಟ್ಸರ್ಲೆಂಡಿನ 'ಲೋಕೋಮ್ಯಾಟ್' ಕಾಲುಗಳನ್ನು ಪಟ್ಟಿಗಳಿಂದ ಹಿಡಿದು ನಡೆಸುತ್ತದೆ.

ನುರಿತ ಚಿಕಿತ್ಸಕರ ಕೈಗೆ ರೋಗಿಯ ಬಿಗಿತ ಒಡನೆಯೇ ತಿಳಿಯುತ್ತದೆ. ಯಂತ್ರಕ್ಕೆ ಅಂತಹ ಸ್ಪರ್ಶಜ್ಞಾನವಿಲ್ಲ. ರೋಗಿಗಾದರೋ ಅನೇಕ ವೇಳೆ ಆ ಭಾಗದಲ್ಲಿ ನೋವೇ ತಿಳಿಯದು. ಮಾತು ನಿಂತಿದ್ದರೆ ತಿಳಿದರೂ ಹೇಳಲಾಗದು. ಆದುದರಿಂದ ಯಂತ್ರವೂ ದೇಹವೂ ಸಂಧಿಸುವೆಡೆಯ ಬಲವನ್ನು ಅಳೆಯುವುದು ಅವಶ್ಯಕ.

ಇದಕ್ಕೆ ಬಳಸುವ ಸಾಧನಗಳಲ್ಲಿ 1938ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 'ಸ್ಟ್ರೇನ್ ಗೇಜ್' ಒಂದು. ಬಲ ಬಿದ್ದಾಗ ಅದರ ತೆಳುವಾದ ಲೋಹದ ಎಳೆ ಕಿಂಚಿತ್ ಹಿಗ್ಗಿ, ವಿದ್ಯುತ್ ನಿರೋಧ ಹೆಚ್ಚುತ್ತದೆ. ಆ ವ್ಯತ್ಯಾಸದಿಂದ ಬಲವನ್ನು ಲೆಕ್ಕಹಾಕುತ್ತಾರೆ.

ಆದರೆ ಒಟ್ಟು ಬಲ ತಿಳಿದರೆ ಸಾಲದು. ಜಮಾಖರ್ಚಿನ ಮೊತ್ತ ತಾಳೆಯಾದ ಮಾತ್ರಕ್ಕೆ ಪ್ರತಿಯೊಂದು ಬಾಬೂ ಸರಿಯೆನ್ನಲಾಗದಷ್ಟೆ! ಪಟ್ಟಿಯು ಕಾಲನ್ನು 40 ನ್ಯೂಟನ್ ಬಲದಿಂದ, ಎಂದರೆ ಸುಮಾರು 4 ಕಿಲೋ ಭಾರದಷ್ಟು, ಒತ್ತುತ್ತಿದೆಯೆನ್ನೋಣ. ಅದು 100 ಚದರ ಸೆಂಟಿಮೀಟರಿನಲ್ಲಿ ಸಮನಾಗಿ ಹರಡಿದರೆ ಒತ್ತಡವು ಪಾದರಸದ 30 ಮಿ.ಮೀ.ನಷ್ಟು. ಪಟ್ಟಿ ಓರೆಯಾಗಿ 10 ಚದರ ಸೆಂಟಿಮೀಟರಿನ ಮೇಲಷ್ಟೇ ಕುಳಿತರೆ ಅದೇ ಬಲದ ಒತ್ತಡ 300 ಮಿ.ಮೀ. ಆಗುತ್ತದೆ! ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡ ಇದರ ಒಂದು ಸಣ್ಣ ಪಾಲು ಮಾತ್ರ. ಹೀಗೆಯೇ ಬಹಳ ಹೊತ್ತು ಕಳೆದರೆ ರಕ್ತಸಂಚಾರ ತಡೆದು ಹುಣ್ಣಾಗುವ ಸಂಭವವುಂಟು. ಆದುದರಿಂದಲೇ ಸಂಶೋಧಕರು ಪಟ್ಟಿಯ ಒಳಮೈಯಲ್ಲಿ ಅನೇಕ ಪುಟ್ಟ ಸಂವೇದಕಗಳನ್ನಿಟ್ಟು, ಎಲ್ಲೆಲ್ಲಿ ಎಷ್ಟೆಷ್ಟು ಒತ್ತಡವೆಂಬುದನ್ನು ಅಳೆಯುತ್ತಾರೆ.

ಇನ್ನೊಂದು ತೊಡಕು ಮೊಣಕಾಲಿನದು. ಬಾಗಿಲ ತಿರುಗಣಿಯಂತೆ ಅದು ಒಂದೇ ಅಚ್ಚಿನ ಮೇಲೆ ತಿರುಗುವುದಿಲ್ಲ. ಮಡಚಿದಂತೆ ಅಚ್ಚು ಸ್ವಲ್ಪ ಸರಿಯುತ್ತದೆ. ಯಂತ್ರದ ಕೀಲು ಅದಕ್ಕೆ ಹೊಂದದಿದ್ದಾಗ ಪಟ್ಟಿ ಚರ್ಮವನ್ನು ಪಕ್ಕಕ್ಕೆ ಎಳೆಯುತ್ತದೆ. ಕೇವಲ ಒತ್ತಡವನ್ನು ಅಳೆಯುವ ಸಂವೇದಕಕ್ಕೆ ಈ ಎಳೆತ ಕಾಣದು. ಅದಕ್ಕೆ ಬೇರೆ ಅಳತೆ ಬೇಕು.

ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಮನೆಯವರ ಕಣ್ಣಿಗೆ ಬಿಡುವಿಲ್ಲ. ವ್ಯಾಯಾಮ ಮುಗಿದು ಪಟ್ಟಿ ಬಿಚ್ಚಿದೊಡನೆ ಚರ್ಮವನ್ನು ಪರೀಕ್ಷಿಸಬೇಕು. ಅರ್ಧ ಗಂಟೆಯಾದರೂ ಕೆಂಪು ಮಾಸದಿದ್ದರೆ ಚಿಕಿತ್ಸಕರಿಗೆ ತಿಳಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದುಕಾಣದಿರಬಹುದು. ಬಿಸಿಯನ್ನೂ ಗಡಸುತನವನ್ನೂ ಬೆರಳಿನಿಂದ ಮುಟ್ಟಿ ನೋಡುವುದು ಒಳ್ಳೆಯದು. ನೋವನ್ನು ಹೇಳಲಾಗದವರ ಪರವಾಗಿ ಅಳೆಯುವುದು ಯಂತ್ರದ ಕೆಲಸ. ನೋಡುವುದು ಮನೆಯವರ ಕರ್ತವ್ಯ.