ಮಂದಗಾಳಿಯಲ್ಲಿ ಹಾಯಿದೋಣಿ: ನೈರೋಬಿಯ ನೀರು ಕಲಿಸಿದ ಪಾಠ

ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿರುವ ನೈರೋಬಿಯಲ್ಲಿ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತೆಂದರೆ ಹಲವರಿಗೆ ಅಚ್ಚರಿಯಾಗಬಹುದು. ಆದರೆ ಲಾಂಗಾಟಾ ಮತ್ತು ಕಿಬೇರಾ ಬಡಾವಣೆಗಳ ನಡುವೆ, ಕುಡಿಯುವ ನೀರಿನ ಸಂಗ್ರಹಕ್ಕೆಂದು 1953ರಲ್ಲಿ ನಿರ್ಮಿಸಲಾದ ನೈರೋಬಿ ಡ್ಯಾಮ್ ಎಂಬ ಜಲಾಶಯ ಹಲವು ವರ್ಷ ಈ ಕ್ರೀಡೆಗೆ ನೆಲೆಯಾಗಿತ್ತು. ಅದು ದೋಣಿಗೆ ಒದಗದಂತಾದ ಮೇಲೆ, ವಾಯವ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ರಿಫ್ಟ್ ಕಣಿವೆಯ ತಳದಲ್ಲಿರುವ ನೈವಾಶಾ ಸರೋವರವೇ ನಗರದ ಹಾಯಿಗಾರರಿಗೆ ಹತ್ತಿರದ ದೊಡ್ಡ ನೀರಾಗಿ ಉಳಿದಿದೆ.

ಎತ್ತರದ ನೀರಿನಲ್ಲಿ ದೋಣಿ ನಡೆಸುವವರು ಮೊದಲು ಅರಿಯಬೇಕಾದದ್ದು ಅಲ್ಲಿನ ಗಾಳಿಯ ತೆಳುವನ್ನು. ನೈರೋಬಿಯ ಎತ್ತರದಲ್ಲಿ ವಾಯುವಿನ ಸಾಂದ್ರತೆ ಕರಾವಳಿಗಿಂತ ಸುಮಾರು ಶೇಕಡಾ 15ರಷ್ಟು ಕಡಿಮೆಯಿರುವುದರಿಂದ, ಒಂದೇ ವೇಗದ ಗಾಳಿ ಮೊಂಬಾಸಾದಲ್ಲಿ ಹಾಯಿಗೆ ಕೊಡುವ ತಳ್ಳುಬಲವನ್ನು ಇಲ್ಲಿ ಕೊಡಲಾರದು. ಅದರ ಮೇಲೆ, ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುವ ಕಾರಣ, ಆರು ನಾಟ್‌ಗಳ ಗಾಳಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಮೂರಕ್ಕೆ ಇಳಿದಾಗ ಬಲ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಕುಸಿಯುತ್ತದೆ. ಆದ್ದರಿಂದ ಮಂದಗಾಳಿಯ ಪಂದ್ಯದಲ್ಲಿ ಹೊಸ ವೇಗವನ್ನು ಗಳಿಸುವುದಕ್ಕಿಂತ ಇರುವ ವೇಗವನ್ನು ಕಳೆದುಕೊಳ್ಳದಿರುವುದೇ ಮುಖ್ಯ. ಉಳಿದೆಲ್ಲ ಕೌಶಲವೂ ಇದರಿಂದಲೇ ಹುಟ್ಟುತ್ತದೆ.

ಒಬ್ಬರೇ ನಡೆಸುವ ಲೇಸರ್ ಎಂಬ ದೋಣಿಯ ಒಡಲು ಕೇವಲ 59 ಕಿಲೋಗ್ರಾಂ ತೂಗುವುದರಿಂದ, ಅದರಲ್ಲಿ ಕುಳಿತ ವಯಸ್ಕರ ತೂಕವೇ ಸಾಮಾನ್ಯವಾಗಿ ದೋಣಿಯದಕ್ಕಿಂತ ಹೆಚ್ಚು, ಮತ್ತು ಅವರ ಒಂದೊಂದು ಅಲುಗಾಟವೂ ಹಾಯಿಯ ಮೇಲೆ ಹರಿಯುತ್ತಿರುವ ಗಾಳಿಯನ್ನು ಚದುರಿಸುತ್ತದೆ. ನುರಿತವರು ಮುಂದಕ್ಕೆ ಸರಿದು ಕುಳಿತು ದೋಣಿಯ ಹಿಂಬದಿಯನ್ನು ನೀರಿನಿಂದ ಮೇಲೆತ್ತುತ್ತಾರೆ. ದೋಣಿಯನ್ನು ಗಾಳಿಮರೆಯ ಬದಿಗೆ ತುಸು ವಾಲಿಸಿ, ನೀರಿಗೆ ತಾಗುವ ಮೈಯನ್ನು ಕಡಿಮೆ ಮಾಡುವುದರ ಜೊತೆಗೆ ಹಾಯಿಯ ಬಟ್ಟೆ ತನ್ನ ಭಾರದಿಂದಲೇ ಬಾಗಿದ ಆಕಾರ ಪಡೆಯುವಂತೆ ನೋಡಿಕೊಳ್ಳುತ್ತಾರೆ. ಚುಕ್ಕಾಣಿಯನ್ನು ಅಡ್ಡಕ್ಕೆ ತಿರುಗಿಸಿದಷ್ಟೂ ಅದು ನೀರನ್ನು ತಡೆಯುವುದರಿಂದ, ಅದನ್ನು ಬೆರಳ ತುದಿಯಲ್ಲಿ ಹಿಡಿದು, ದಿಕ್ಕನ್ನು ಸಾಧ್ಯವಾದಷ್ಟು ಮೈಯ ವಾಲುವಿಕೆಯಿಂದಲೇ ಬದಲಿಸುವುದು ಉತ್ತಮ.

ಇಲ್ಲಿ ಸಹಜಬುದ್ಧಿ ದಾರಿ ತಪ್ಪಿಸುತ್ತದೆ. ದೋಣಿ ನಿಧಾನವಾದೊಡನೆ ಹಾಯಿಯನ್ನು ಬಿಗಿಯಾಗಿ ಎಳೆಯಬೇಕೆನಿಸುವುದು ಸಹಜವಾದರೂ, ಬಲಹೀನ ಗಾಳಿ ಅಂಥ ಹಾಯಿಗೆ ಅಂಟಿಕೊಂಡು ಹರಿಯಲಾರದೆ ಕಡಿದುಹೋಗುತ್ತದೆ. ಗಾಳಿಗೆ ತೀರ ಎದುರಾಗಿ ಹೋಗುವುದನ್ನು ಬಿಟ್ಟು, ದೋಣಿಯ ಮೂತಿಯನ್ನು ತುಸು ಹೊರಳಿಸಿ ವೇಗ ಉಳಿಸಿಕೊಂಡವರು, ದೂರ ಹೆಚ್ಚಾದರೂ, ಗುರುತಿನ ತೇಲುಬುರುಡೆಯನ್ನು ಬಹುಮಟ್ಟಿಗೆ ಮೊದಲೇ ತಲುಪುತ್ತಾರೆ. ದೋಣಿಯನ್ನು ತೂಗಾಡಿಸಿಯೋ ಹಾಯಿಯನ್ನು ಬೀಸಣಿಗೆಯಂತೆ ಬೀಸಿಯೋ ಮುನ್ನಡೆಯುವುದನ್ನು ಅಂತರರಾಷ್ಟ್ರೀಯ ಪಂದ್ಯ ನಿಯಮಾವಳಿಯ 42ನೇ ನಿಯಮ ನಿಷೇಧಿಸುತ್ತದೆ. ಈ ನಿಷೇಧ ನ್ಯಾಯವಾದದ್ದು, ಏಕೆಂದರೆ ಅದಿಲ್ಲದಿದ್ದರೆ ಪಂದ್ಯ ತೋಳ್ಬಲದ ಪರೀಕ್ಷೆಯಾಗಿಬಿಡುತ್ತಿತ್ತು.

ದೋಣಿಯೊಳಗಿನಷ್ಟೇ ಗಮನ ಹೊರಗೂ ಬೇಕು. ನೀರಿನ ಮೇಲೆ ಸರಿದು ಬರುವ ಕಪ್ಪು ಅಲೆಗೆರೆಗಳು ಬೀಸಿ ಬರುತ್ತಿರುವ ಗಾಳಿಯ ಗುರುತುಗಳಾಗಿದ್ದು, ದಡದ ಮರಗಳ ಮರೆಯಲ್ಲಿ, ಅವುಗಳ ಎತ್ತರದ ಹಲವು ಪಟ್ಟು ದೂರದವರೆಗೂ, ಗಾಳಿ ಸತ್ತಂತಿರುತ್ತದೆ. ನೈವಾಶಾದಲ್ಲಿ ಬೆಳಗಿನ ನೀರು ಸಾಮಾನ್ಯವಾಗಿ ನಿಶ್ಚಲವಾಗಿದ್ದು, ಬಿಸಿಲೇರಿದಂತೆ ಗಾಳಿ ಎದ್ದು, ಮಧ್ಯಾಹ್ನದ ಮೇಲೆ ಬಲವಾಗಿಯೇ ಬೀಸುವುದುಂಟು; ಮುಂಜಾನೆಯ ಗಾಳಿಗೆ ಸಜ್ಜುಗೊಳಿಸಿದ ಹಾಯಿಯನ್ನು ಹಾಗೆಯೇ ಬಿಟ್ಟರೆ ಅದು ಆಗ ಅಪಾಯವನ್ನೇ ತಂದೀತು.

ಮಂದಗಾಳಿಯಲ್ಲಿ ಚುಕ್ಕಾಣಿಗೋ, ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ಇಳಿಬಿಡುವ ಹಲಗೆಗೋ ಸಿಕ್ಕಿಕೊಂಡ ಒಂದು ಹಿಡಿ ಕಳೆಯೂ ಪಂದ್ಯವನ್ನು ಕೆಡಿಸಬಲ್ಲದು. ನೈರೋಬಿ ಡ್ಯಾಮ್‌ನಲ್ಲಿ ಕೆಟ್ಟದ್ದು ಪಂದ್ಯವಷ್ಟೇ ಅಲ್ಲ. ಒಳಚರಂಡಿಯ ಸೌಕರ್ಯವನ್ನೇ ಸರಿಯಾಗಿ ಪಡೆಯದ ಬಡಾವಣೆಗಳ ಕೊಳಚೆ, ಕಸ, ಹೂಳು ವರ್ಷಗಟ್ಟಲೆ ಹರಿದು ಬಂದು ಸೇರಿದ ಆ ನೀರಿನಲ್ಲಿ, ದಕ್ಷಿಣ ಅಮೆರಿಕ ಮೂಲದ ವಾಟರ್ ಹಯಸಿಂತ್ ಎಂಬ ತೇಲುವ ಕಳೆ ಹೇರಳ ಪೋಷಕಾಂಶ ದೊರೆತು ಹಬ್ಬಿ, 1990ರ ದಶಕದ ಕೊನೆಯ ಹೊತ್ತಿಗೆ ಜಲಾಶಯವನ್ನು ಮುಚ್ಚಿಬಿಟ್ಟಿತು. ಇದರ ಹೊಣೆಯನ್ನು ಅಲ್ಲಿನ ಬಡವರ ತಲೆಗೆ ಕಟ್ಟುವುದು ಅನ್ಯಾಯ. ಕಳೆಯನ್ನು ಎಷ್ಟು ಬಾರಿ ಕಿತ್ತರೂ ಕೊಳಚೆ ಬರುತ್ತಿರುವವರೆಗೆ ಅದು ಮತ್ತೆ ಬೆಳೆಯುವುದರಿಂದ, ಡ್ಯಾಮ್‌ನಲ್ಲಿ ಮತ್ತೆ ಹಾಯಿ ಕಾಣಬೇಕೆನ್ನುವವರು ಮೊದಲು ಕಿಬೇರಾದ ಮನೆಗಳಿಗೆ ಒಳಚರಂಡಿ ದೊರಕಿಸಲು ದನಿಯೆತ್ತಬೇಕು.