☸️ ಇಂದಿನ ಧಮ್ಮ ಚಿಂತನ: ಅಂಜನದ ಮಸಿ, ಬೋಗುಣಿಯ ನೀರು





ಖಾನಾಪುರದ ಬಳಗದಿಂದ ಒಂದು ಪ್ರಶ್ನೆ ಬಂದಿದೆ. ಈಗ ಕೆಲವು ಕಲಾ ಚಿಕಿತ್ಸೆಯ ಶಿಬಿರಗಳಲ್ಲಿ ಒಂದು ಬಟ್ಟಲು ನೀರನ್ನು ಮುಂದೆ ಇಟ್ಟು, ಅದನ್ನೇ ದಿಟ್ಟಿಸಿ ನೋಡಿ, ಮನಸ್ಸಿಗೆ ಕಂಡದ್ದನ್ನು ಚಿತ್ರ ಬಿಡಿಸಿ ಎನ್ನುತ್ತಾರಂತೆ. "ಇದು ನಮ್ಮ ಹಳ್ಳಿಯ ಅಂಜನವೇ ಅಲ್ಲವೇ ಸರ್? 22 ಪ್ರತಿಜ್ಞೆ ತೆಗೆದುಕೊಂಡವರು ಇದನ್ನು ಮಾಡಬಹುದೇ?"

ಒಳ್ಳೆಯ ಪ್ರಶ್ನೆ. ಒಂದು ಸಾಲಿನಲ್ಲಿ ಹೌದು, ಇಲ್ಲ ಎಂದು ಹೇಳಿ ಮುಗಿಸುವಂಥದ್ದಲ್ಲ. ಇವತ್ತಿನ ಪಾಠವನ್ನು ಇದಕ್ಕೇ ಇಟ್ಟಿದ್ದೇನೆ.

*1. ಅಂಜನದಲ್ಲಿ ಕಾಣುವುದು ಯಾರು?*

ನಮ್ಮಲ್ಲಿ ಹಿರಿಯರಿಗೆ ಇದು ಗೊತ್ತು. ದೀಪದ ಮಸಿಯನ್ನು ಔಡಲೆಣ್ಣೆಯಲ್ಲಿ ಕಲಸಿ ವೀಳ್ಯದೆಲೆಗೋ, ಅಂಗೈಗೋ, ಹೆಬ್ಬೆರಳಿನ ಉಗುರಿಗೋ ಹಚ್ಚುತ್ತಾರೆ. ಪಕ್ಕದಲ್ಲಿ ಒಂದು ದೀಪ. ಒಂದು ಮಗುವನ್ನು ಕೂಡಿಸಿ, ಕಣ್ಣು ಮಿಟುಕಿಸದೆ ನೋಡು ಎನ್ನುತ್ತಾರೆ. ಆಮೇಲೆ ಪ್ರಶ್ನೆಗಳು: "ಹಣಮಪ್ಪ ಬಂದಾನೇನು? ಕಸಾ ಹೊಡದಾನೇನು? ಈಗ ಯಾರ ಬಂದರು ನೋಡು. ಗಿಡ್ಡ ಅದಾನೋ, ಎತ್ತರ ಅದಾನೋ?" ಕಳುವಾದ ಒಡವೆಗೆ, ತಪ್ಪಿಸಿಕೊಂಡ ದನಕ್ಕೆ, ಹೂತಿಟ್ಟ ನಿಧಿಗೆ ಇದೇ ಉಪಾಯ.

ಮಗು ಸುಳ್ಳು ಹೇಳುತ್ತದೆ ಎಂದಲ್ಲ. ಮಂದ ಬೆಳಕಿನಲ್ಲಿ ಹೊಳೆಯುವ ಮೇಲ್ಮೈಯನ್ನು ಬಹಳ ಹೊತ್ತು ದಿಟ್ಟಿಸಿದರೆ ಯಾರಿಗಾದರೂ ಏನಾದರೂ ಕಾಣುತ್ತದೆ. ಇಟಲಿಯ ಮನೋವಿಜ್ಞಾನಿ ಜೊವಾನ್ನಿ ಕಪೂಟೊ 2010ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 50 ಜನರನ್ನು ಮಬ್ಬು ಬೆಳಕಿನ ಕೋಣೆಯಲ್ಲಿ ಕನ್ನಡಿಯ ಮುಂದೆ 10 ನಿಮಿಷ ಕೂಡಿಸಿದರು. ಮೂವರಲ್ಲಿ ಇಬ್ಬರಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತು. ಸುಮಾರು ಅರ್ಧ ಜನರಿಗೆ ವಿಚಿತ್ರವಾದ, ಭಯ ಹುಟ್ಟಿಸುವ ಆಕೃತಿಗಳು ಕಂಡವು. ಅಲ್ಲಿ ಮಂತ್ರವಾದಿ ಇರಲಿಲ್ಲ, ಮಂತ್ರವೂ ಇರಲಿಲ್ಲ. ಕಣ್ಣಿಗೆ ಸರಿಯಾಗಿ ಸಿಗದ್ದನ್ನು ಮೆದುಳು ತನ್ನಲ್ಲಿರುವ ಸರಕಿನಿಂದ ತುಂಬಿಕೊಳ್ಳುತ್ತದೆ.

ಅಂಜನ ನೋಡುವ ಮಗುವಿನಲ್ಲಿರುವ ಸರಕು ಯಾವುದು? ಮನೆಯಲ್ಲಿ, ಕಟ್ಟೆಯ ಮೇಲೆ ದೊಡ್ಡವರು ಆಡಿದ ಮಾತು. ಊರು ಯಾರನ್ನು ಮೊದಲೇ ಅನುಮಾನಿಸಿದೆಯೋ ಅವರ ಚಹರೆ. ಕೇಳುವವನ ಪ್ರಶ್ನೆಯೂ ಅತ್ತಲೇ ತಳ್ಳುತ್ತದೆ. ಊರ ಹೊರಗಿನ ಕೇರಿಯವರು, ಕೂಲಿಗೆ ಬಂದವರು, ಗಂಡನಿಲ್ಲದ ಹೆಣ್ಣುಮಗಳು ಇಂಥ ಅನುಮಾನಕ್ಕೆ ಎಷ್ಟು ಸುಲಭದ ಗುರಿ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಜನದಲ್ಲಿ ಮೂಡುವುದು ಕಳ್ಳನ ಮುಖವಲ್ಲ, ಊರಿನ ಮನಸ್ಸು.

ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ಪಾಠವೆಲ್ಲ ಇದರ ಮೇಲೆಯೇ ನಿಂತಿದೆ.

*2. ಭಗವಾನರು ಯಾವುದನ್ನು ಬೇಡವೆಂದರು?*

ದೀಘ ನಿಕಾಯದ ಮೊದಲ ಸುತ್ತ ಬ್ರಹ್ಮಜಾಲ ಸುತ್ತ. ಭಿಕ್ಖುಗಳು ಹೊಟ್ಟೆಪಾಡಿಗಾಗಿ ಮಾಡಬಾರದ ವಿದ್ಯೆಗಳ ದೊಡ್ಡ ಪಟ್ಟಿ ಅದರಲ್ಲಿದೆ. ಕೈರೇಖೆ ನೋಡುವುದು, ಕನಸಿಗೆ ಅರ್ಥ ಹೇಳುವುದು, ಗ್ರಹಣದ ಫಲ ಹೇಳುವುದು ಇವುಗಳ ಜೊತೆಗೆ 'ಆದಾಸಪಞ್ಹ' ಎಂಬ ಹೆಸರೂ ಇದೆ. ಆದಾಸ ಎಂದರೆ ಕನ್ನಡಿ, ಪಞ್ಹ ಎಂದರೆ ಪ್ರಶ್ನೆ. ಕನ್ನಡಿಯನ್ನು ಕೇಳಿ ಉತ್ತರ ಪಡೆಯುವುದು ಎಂದರ್ಥ. ಅದರ ಪಕ್ಕದಲ್ಲೇ 'ಕುಮಾರಿಪಞ್ಹ' ಇದೆ, ಅಂದರೆ ಒಬ್ಬ ಹುಡುಗಿಯ ಬಾಯಿಂದ ಪ್ರಶ್ನೆಗೆ ಉತ್ತರ ಹೇಳಿಸುವುದು. ಮಗುವನ್ನು ಮುಂದೆ ಕೂಡಿಸಿ ದೊಡ್ಡವರು ಲಾಭ ಮಾಡಿಕೊಳ್ಳುವುದು ಅಷ್ಟು ಹಳೆಯ ಕಸುಬು. ಭಗವಾನರು ಎರಡನ್ನೂ ಮಿಥ್ಯಾ ಜೀವನೋಪಾಯದ ಲೆಕ್ಕಕ್ಕೇ ಹಾಕಿದರು.

ನಮ್ಮ ರಾಜ್ಯದಲ್ಲೂ ಇದಕ್ಕೆ ಸಂಬಂಧಪಟ್ಟ ಕಾನೂನು ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ. ನಿಧಿಯ ಹೆಸರಿನಲ್ಲಿ ನಡೆಸುವ ಅಮಾನುಷ ವಾಮಾಚಾರ, ದೆವ್ವ ಬಿಡಿಸುವ ನೆಪದಲ್ಲಿ ಕೊಡುವ ಹಿಂಸೆ ಅದರಲ್ಲಿ ಅಪರಾಧ. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಬಾಬಾಸಾಹೇಬರ ಪರಿನಿರ್ವಾಣ ದಿನವಾದ ಡಿಸೆಂಬರ್ 6ರಂದು ಮಾನವ ಬಂಧುತ್ವ ವೇದಿಕೆಯವರು ಮೌಢ್ಯದ ವಿರುದ್ಧ ನಡೆಸುತ್ತ ಬಂದ ಕಾರ್ಯಕ್ರಮವನ್ನು ನಮ್ಮಲ್ಲಿ ಬಹಳ ಜನ ಬಲ್ಲರು. ಸ್ಮಶಾನದಲ್ಲಿ ಕುಳಿತು ಊಟ ಮಾಡಿದವರಿಗೆ ಮಸಿಯ ಹಣಮಪ್ಪನ ಅಂಜಿಕೆ ಇರಬಾರದು.

*3. ಭಗವಾನರು ಯಾವುದನ್ನು ಕಲಿಸಿದರು?*

ಅದೇ ಭಗವಾನರು ಕನ್ನಡಿಯನ್ನೂ ನೀರನ್ನೂ ಪಾಠಕ್ಕೆ ಬಳಸಿಕೊಂಡಿದ್ದಾರೆ. ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿ ಬಾಲಕ ರಾಹುಲನನ್ನು, ಕನ್ನಡಿ ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಕಾಯ, ಮಾತು, ಮನಸ್ಸಿನ ಕೆಲಸಗಳನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು, ಇದರಿಂದ ನನಗಾಗಲಿ ಇನ್ನೊಬ್ಬರಿಗಾಗಲಿ ನೋವಿದೆಯೇ ಎಂದು ಕೇಳಿಕೊಳ್ಳಬೇಕು ಎಂದು ತಿಳಿಸುತ್ತಾರೆ. ಸಾಮ್ರಾಟ ಅಶೋಕ ತನ್ನ ಭಾಬ್ರು ಶಾಸನದಲ್ಲಿ ಎಲ್ಲರೂ ಕೇಳಬೇಕೆಂದು ಹೆಸರಿಸಿದ ಪಾಠಗಳಲ್ಲಿ ರಾಹುಲನಿಗೆ ಹೇಳಿದ ಬೋಧೆಯೂ ಒಂದು.

ನೀರಿನ ಪಾಠ ಸಂಗಾರವ ಸುತ್ತದಲ್ಲಿದೆ. ಬಹುಕಾಲ ಬಾಯಿಪಾಠ ಮಾಡಿದ ಮಂತ್ರವೂ ಕೆಲವೊಮ್ಮೆ ನೆನಪಿಗೆ ಬರುವುದಿಲ್ಲವಲ್ಲ, ಏಕೆ ಎಂದು ಸಂಗಾರವ ಎಂಬ ಬ್ರಾಹ್ಮಣ ಕೇಳುತ್ತಾನೆ. ಭಗವಾನರು ಐದು ಪಾತ್ರೆ ನೀರಿನ ಉಪಮೆ ಕೊಡುತ್ತಾರೆ. ಕಣ್ಣು ಚೆನ್ನಾಗಿರುವವನಿಗೂ ಆ ಐದರಲ್ಲಿ ತನ್ನ ಮುಖ ಕಾಣುವುದಿಲ್ಲ. ಇವೇ ಪಂಚ ನೀವರಣಗಳು. ನಮ್ಮ ಊರಿನ ನೀರಿನಲ್ಲೇ ಅವನ್ನು ನೋಡೋಣ.

🔹 *ಬಣ್ಣದ ನೀರು: ಕಾಮಚ್ಛಂದ, ಅಂದರೆ ಆಸೆ.* ವಡಗಾವಿ, ಶಹಾಪುರದ ನೇಕಾರರು ನೂಲಿಗೆ ಬಣ್ಣ ಹಾಕಿದ ನೀರು. ನೋಡಿದ್ದೆಲ್ಲ ಆ ಬಣ್ಣವೇ.
🔹 *ಕುದಿಯುವ ನೀರು: ವ್ಯಾಪಾದ, ಅಂದರೆ ದ್ವೇಷ.* ಒಲೆಯ ಮೇಲಿನ ಎಸರು. ಹಬೆ ಬಿಟ್ಟರೆ ಏನೂ ಕಾಣದು.
🔹 *ಪಾಚಿ ಮುಚ್ಚಿದ ನೀರು: ಥೀನ-ಮಿದ್ಧ, ಅಂದರೆ ಜಡತೆ, ತೂಕಡಿಕೆ.* ಯಾರೂ ಸೇದದೆ ಬಿಟ್ಟ ಬಾವಿ.
🔹 *ಗಾಳಿಗೆ ಅಲೆಯೇಳುವ ನೀರು: ಉದ್ಧಚ್ಚ-ಕುಕ್ಕುಚ್ಚ, ಅಂದರೆ ಚಡಪಡಿಕೆ, ಪಶ್ಚಾತ್ತಾಪದ ಕೊರಗು.* ಗಾಳಿ ಬೀಸುವ ದಿನದ ಕೆರೆ.
🔹 *ಕದಡಿ, ಕತ್ತಲಲ್ಲಿಟ್ಟ ನೀರು: ವಿಚಿಕಿಚ್ಛಾ, ಅಂದರೆ ಸಂಶಯ.* ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಪಕ್ಕ ಹರಿಯುವ ಮಲಪ್ರಭೆಯ ಮಳೆಗಾಲದ ಕೆಂಪು ನೀರನ್ನು ಕೊಡದಲ್ಲಿ ತುಂಬಿ ಮೂಲೆಗಿಟ್ಟ ಹಾಗೆ.

ಈಗ ವ್ಯತ್ಯಾಸ ಗೊತ್ತಾಯಿತಲ್ಲ? ನೀರು ಅದೇ, ಕನ್ನಡಿ ಅದೇ. ಬದಲಾದದ್ದು ಪ್ರಶ್ನೆ. ಕದ್ದವರು ಯಾರು, ಮುಂದೆ ಏನಾಗುತ್ತದೆ ಎಂದು ಕೇಳಿದರೆ ಅದು ಆದಾಸಪಞ್ಹ. ನನ್ನ ಮನಸ್ಸು ಈಗ ಹೇಗಿದೆ ಎಂದು ಕೇಳಿದರೆ ಅದು ರಾಹುಲನ ಪಾಠ.

*4. ಕಲಾ ಚಿಕಿತ್ಸೆಯವರು ಮಾಡುವುದೇನು?*

ಕಲಾ ಚಿಕಿತ್ಸೆ ಎಂಬ ಹೆಸರನ್ನು 1942ರಲ್ಲಿ ಕೊಟ್ಟವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಆಸ್ಪತ್ರೆಯಲ್ಲಿದ್ದಾಗ ಚಿತ್ರ ಬರೆಯುವುದರಿಂದ ತಮಗೆ ಸಿಕ್ಕ ಸಮಾಧಾನವನ್ನು ಅವರು ಉಳಿದ ರೋಗಿಗಳಿಗೂ ಹಂಚಿದರು. ಅದಕ್ಕೂ ಮೊದಲು, 1921ರಲ್ಲಿ, ಸ್ವಿಟ್ಜರ್ಲೆಂಡಿನ ವೈದ್ಯ ಹರ್ಮನ್ ರೋರ್‌ಶಾಕ್ 10 ಮಸಿ ಕಲೆಗಳ ಪರೀಕ್ಷೆಯನ್ನು ಪ್ರಕಟಿಸಿದ್ದರು. ಮಸಿ ಕಲೆ ಯಾವುದರ ಚಿತ್ರವೂ ಅಲ್ಲ. ಅದರಲ್ಲಿ ಏನು ಕಂಡಿತು ಎಂಬುದು ನೋಡುವವರ ಬಗ್ಗೆ ಏನಾದರೂ ಹೇಳುತ್ತದೆ.

ಶಾಲೆಯಲ್ಲಿ ಇದನ್ನು ಯಾರೂ ಮಾಡಿ ನೋಡಬಹುದು. ಹಾಳೆಯ ಮೇಲೆ ಮಸಿಯ ಹನಿ ಹಾಕಿ, ಮಡಚಿ ಬಿಚ್ಚಿ. ಒಬ್ಬನಿಗೆ ಪಾತರಗಿತ್ತಿ, ಒಬ್ಬಳಿಗೆ ಆಡಿನ ಮುಖ, ಇನ್ನೊಬ್ಬನಿಗೆ ಜಗಳವಾಡುವ ಇಬ್ಬರು. ಮಸಿ ಒಂದೇ, ನೋಡುವ ಮನಸ್ಸುಗಳು ಬೇರೆ. ಬಟ್ಟಲಿನ ನೀರನ್ನು ನೋಡಿ ಚಿತ್ರ ಬಿಡಿಸುವುದೂ ಇದೇ ಜಾತಿಯ ಕೆಲಸ. ಬಾಯಲ್ಲಿ ಹೇಳಲಾಗದ ದುಃಖಕ್ಕೆ ಬಣ್ಣದ ಕಡ್ಡಿಯಿಂದ ಒಂದು ದಾರಿ ಸಿಗುತ್ತದೆ. ಇದು ರೋಗಕ್ಕೆ ಮದ್ದಲ್ಲ, ತನ್ನನ್ನು ತಾನು ನೋಡಿಕೊಳ್ಳುವ ಒಂದು ಉಪಕರಣ ಮಾತ್ರ.

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಬುದ್ಧವಚನ ಯಾವುದು ಎಂದು ಗುರುತಿಸಲು ಕೊಟ್ಟ ಒರೆಗಲ್ಲಿನಲ್ಲಿ ಎರಡು ಮಾತು ಇಲ್ಲಿಗೂ ಒಪ್ಪುತ್ತವೆ: ವಿಚಾರಕ್ಕೆ ನಿಲ್ಲುತ್ತದೆಯೇ? ಮನುಷ್ಯನ ಹಿತಕ್ಕೆ ಬರುತ್ತದೆಯೇ? ಅಂಜನ ಎರಡರಲ್ಲೂ ಸೋಲುತ್ತದೆ. ನೀರು ನೋಡಿ ಚಿತ್ರ ಬಿಡಿಸುವುದು, ನಿಯಮ ತಪ್ಪದಿದ್ದರೆ, ಪಾಸಾಗುತ್ತದೆ.

*5. ಮಾಡುವುದಾದರೆ ಹೀಗೆ*

▪️ ಹಗಲು ಬೆಳಕಿನಲ್ಲೇ ಮಾಡಿ. ರಾತ್ರಿ, ಕತ್ತಲು ಕೋಣೆ, ಕನ್ನಡಿ, ದೀಪ ಬೇಡ. ಕಪೂಟೊ ಅವರ ಪ್ರಯೋಗ ನೆನಪಿರಲಿ.
▪️ ಒಂದು ಬೋಗುಣಿಯಲ್ಲಿ ನೀರು ತುಂಬಿ. ಎರಡು ನಿಮಿಷ ಉಸಿರನ್ನು ಗಮನಿಸಿ, ಮೂರು ನಿಮಿಷ ನೀರನ್ನು ನೋಡಿ. ಕಣ್ಣು ಧಾರಾಳವಾಗಿ ಮಿಟುಕಿಸಿ.
▪️ ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಬಿಡಿಸಿ. ಚೆಂದ ಇರಬೇಕಾಗಿಲ್ಲ. ಏನೂ ಕಾಣದಿದ್ದರೆ ಖಾಲಿ ಹಾಳೆಯೂ ಸರಿಯೇ.
▪️ ಕೆಳಗೆ ಮೂರು ಸಾಲು: ಏನು ಬಂತು? ಆಗ ಮೈಯಲ್ಲಿ, ಮನಸ್ಸಿನಲ್ಲಿ ಏನಾಯಿತು? ಐದು ನೀರಿನಲ್ಲಿ ಇವತ್ತು ನನ್ನದು ಯಾವುದು?
▪️ ನಿಮ್ಮ ಚಿತ್ರದ ಅರ್ಥವನ್ನು ಬೇರೆಯವರು ಹೇಳಬಾರದು. ನಾನೂ ಹೇಳುವುದಿಲ್ಲ. ಅರ್ಥ ಹೇಳಿ ದುಡ್ಡು ಕೇಳಿದವನು ಹೊಸ ಅಂಗಿ ತೊಟ್ಟ ಮಂತ್ರವಾದಿ.
▪️ ಚಿತ್ರದಲ್ಲಿ ಯಾರ ಮುಖ ಬಂದರೂ ಅದು ಸಾಕ್ಷಿ ಅಲ್ಲ. ಅದರ ಮೇಲೆ ಯಾರನ್ನೂ ದೂರಬೇಡಿ.
▪️ ಕಿವಿಯಲ್ಲಿ ಮಾತು ಕೇಳುವವರು, ನಿದ್ದೆ ಕೆಟ್ಟವರು, ಹೊಸದಾಗಿ ಸಾವಿನ ದುಃಖದಲ್ಲಿರುವವರು ಒಬ್ಬರೇ ಕೂತು ಇದನ್ನು ಮಾಡಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ 14416 ಉಚಿತ ದೂರವಾಣಿ ಇದೆ. ವೈದ್ಯರ ಬಳಿ ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ.

*6. ಒಂದು ಎಚ್ಚರಿಕೆ*

ಮನಸ್ಸನ್ನು ನೋಡಿಕೋ ಎಂಬ ಮಾತನ್ನು ನಮ್ಮ ಜನರ ವಿರುದ್ಧವೇ ಬಳಸುವವರಿದ್ದಾರೆ. ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟರೆ, ಬಾಡಿಗೆ ಮನೆ ಕೇಳಿದಾಗ ಅಡ್ಡಹೆಸರು ವಿಚಾರಿಸಿದರೆ ನೀರು ಕುದಿಯುತ್ತದೆ. ಆಗ "ನಿನ್ನ ಮನಸ್ಸು ಸರಿ ಇಲ್ಲ, ಧ್ಯಾನ ಮಾಡು" ಎನ್ನುತ್ತಾರೆ. ಇದು ಧಮ್ಮ ಅಲ್ಲ. ನೀರು ಕುದಿಯುತ್ತಿದೆ ಎಂದು ತಿಳಿಯುವುದು ಮೊದಲ ಹೆಜ್ಜೆ. ಕೆಳಗೆ ಬೆಂಕಿ ಹಚ್ಚಿದವರು ಯಾರು ಎಂದು ನೋಡುವುದು ಎರಡನೆಯದು. ಬೆಂಕಿ ನನ್ನೊಳಗಿನದಾದರೆ ಮೆತ್ತಾ ಭಾವನೆಯಿಂದ ಆರಿಸೋಣ. ಹೊರಗಿನದಾದರೆ ಸಂಘಟನೆಯಿಂದ, 1989ರ ದೌರ್ಜನ್ಯ ತಡೆ ಕಾಯಿದೆಯಿಂದ ಆರಿಸೋಣ. ಎರಡಕ್ಕೂ ತಿಳಿಯಾದ ಕಣ್ಣು ಬೇಕು. ದ್ವೇಷದ ಹಬೆಯಲ್ಲಿ ಅನ್ಯಾಯವೂ ನೆಟ್ಟಗೆ ಕಾಣುವುದಿಲ್ಲ, ದೂರನ್ನೂ ನೆಟ್ಟಗೆ ಬರೆಯಲಾಗುವುದಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ಸಿಕ್ಕ ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗದ ಪಾಲನೆಯೂ ಇದೆ. ಸಮ್ಯಕ್ ಸ್ಮೃತಿ ಆ ಮಾರ್ಗದ ಒಂದು ಅಂಗ. ಹಾಗಾಗಿ ಪ್ರಶ್ನೆ ಕೇಳಿದ ಬಂಧುಗಳಿಗೆ ಉತ್ತರ ಇಷ್ಟು: ಪ್ರಶ್ನೆ ನಿಮ್ಮ ಬಗ್ಗೆಯೇ ಇದ್ದರೆ, ಅರ್ಥ ನಿಮ್ಮ ಕೈಯಲ್ಲೇ ಇದ್ದರೆ, ಯಾರಿಗೂ ನೋವಾಗದಿದ್ದರೆ ಕುಳಿತು ನೋಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಎದ್ದು ಬನ್ನಿ.

📝 *ಇಂದಿನ ಅಭ್ಯಾಸ:* ಸಂಜೆ ಐದು ನೀರುಗಳ ಹೆಸರು ಬರೆದು, ಇವತ್ತು ದಿನದಲ್ಲಿ ನಿಮ್ಮ ಮನಸ್ಸು ಯಾವುದಾಗಿತ್ತು ಎಂದು ಒಂದಕ್ಕೆ ಗುರುತು ಹಾಕಿ. ಗ್ರೂಪಿಗೆ ಕಳಿಸಬೇಕಾಗಿಲ್ಲ. ಮನೆಯ ಮಕ್ಕಳಿಗೆ ರಾಹುಲನ ಕನ್ನಡಿಯ ಕಥೆ ಹೇಳಿ.

ನಮೋ ಬುದ್ಧಾಯ. ಜೈ ಭೀಮ್. 🙏💙