ಕಿವಿಗೊಡುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ತೆಂಗಿನ ಸೀಮೆಯೆಂದು ಹೆಸರಾದ ತಾಲ್ಲೂಕುಗಳು. ಇಲ್ಲಿಯ ರೈತನು ಬಲಿತ ಕಾಯಿಗಳನ್ನು ಸುಮಾರು ಒಂದು ವರ್ಷ ಕಾಲ ಅಟ್ಟದ ಮೇಲೆ ಇರಿಸುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅದು ಸಿದ್ಧವಾಯಿತೆ ಎಂದು ತಿಳಿಯಲು ಆತನು ಕಾಯಿಯನ್ನು ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಆಲಿಸುತ್ತಾನೆ. ಹೀಗೆ ಒಳಗಿನದನ್ನು ಕಿವಿಯಿಂದಲೇ ಅರಿಯುವ ಜಾಣ್ಮೆ ವೈದ್ಯನಿಗೂ ಬೇಕು. ರೋಗದ ಮೊದಲ ಸುಳಿವು ದೊರೆಯುವುದು ರೋಗಿಯ ಮಾತಿನಲ್ಲಿ.

ಈ ಸೀಮೆಯ ವೃದ್ಧ ರೈತನೊಬ್ಬನು ಆಸ್ಪತ್ರೆಗೆ ಬಂದನೆಂದು ಭಾವಿಸೋಣ. “ಕಾಯಿ ಸುಲಿಯುವಾಗ ಎದೆ ಹಿಂಡಿದಂಗಾಗ್ತದೆ ಸ್ವಾಮಿ, ವಾಯು ಇರಬೇಕು” ಎನ್ನುತ್ತಾನೆ. ‘ವಾಯು’ ಎಂಬುದನ್ನಷ್ಟೇ ಕೇಳಿಸಿಕೊಂಡು ಮಾತ್ರೆ ಬರೆದುಕೊಟ್ಟರೆ ಹೃದಯದ ಕಾಯಿಲೆಯೊಂದು ಮರೆಯಲ್ಲಿಯೇ ಉಳಿಯಬಹುದು. “ಕುಳಿತುಕೊಳ್ಳಿ ಯಜಮಾನರೆ, ಕೆಲಸ ನಿಲ್ಲಿಸಿದರೆ ನೋವು ಇಳಿಯುತ್ತದೆಯೆ? ತೋಳಿಗೂ ಹರಿಯುತ್ತದೆಯೆ?” ಎಂದು ಕೇಳಿದರೆ ಒಂದು ಜೀವವೇ ಉಳಿಯಬಹುದು.

ಇಂತಹ ಮಾತುಗಾರಿಕೆ ಹುಟ್ಟಿನಿಂದ ಬರುವುದೆಂದು ಹಲವರು ತಿಳಿದಿದ್ದರು. ಆದರೆ ಈಜಿನಂತೆ ಇದೂ ಅಭ್ಯಾಸದಿಂದ ಬರುವ ವಿದ್ಯೆ. ಅಭ್ಯಾಸವೆಂದ ಮೇಲೆ ತಪ್ಪುಗಳಾಗುವುದು ಸಹಜ. ಆ ತಪ್ಪುಗಳನ್ನು ನೊಂದ ರೋಗಿಯ ಮೇಲೆ ಮಾಡುವುದು ನ್ಯಾಯವೆ?

ಈ ಪ್ರಶ್ನೆಗೆ ಅಮೆರಿಕದ ನರರೋಗತಜ್ಞ ಡಾ. ಹೊವಾರ್ಡ್ ಬ್ಯಾರೋಸ್ ಒಂದು ದಾರಿ ಕಂಡುಕೊಂಡರು. 1963ರಲ್ಲಿ ಲಾಸ್ ಏಂಜಲಿಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ಆರೋಗ್ಯವಂತ ಮಹಿಳೆಯೊಬ್ಬರಿಗೆ ನರರೋಗಿಯ ಮಾತು, ನಡಿಗೆ, ಸಂಕಟಗಳನ್ನು ಅಭಿನಯಿಸಲು ಕಲಿಸಿದರು. ವಿದ್ಯಾರ್ಥಿಯು ಪರೀಕ್ಷಿಸಿದ ಬಳಿಕ ಆತನು ಹೇಗೆ ನಡೆದುಕೊಂಡನೆಂಬುದನ್ನು ಆಕೆಯೇ ತಿಳಿಸುತ್ತಿದ್ದರು. ಮೊದಲು ಇದನ್ನು ನಾಟಕವೆಂದು ನಕ್ಕವರುಂಟು. ಮುಂದೆ ಅದೇ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿತು.

ನಮ್ಮ ದೇಶದಲ್ಲಿ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ನಡವಳಿಕೆ, ನೀತಿ, ಸಂವಹನ ಇವುಗಳನ್ನು ಪಾಠಗಳನ್ನಾಗಿ ಸೇರಿಸಿತು; ಸ್ಥಳೀಯ ಭಾಷೆಯ ಕಲಿಕೆಗೂ ಆರಂಭದಲ್ಲಿಯೇ ಸ್ಥಾನವಿತ್ತಿತು. ಇದು ಉಚಿತವೇ ಸರಿ. ವೈದ್ಯಗ್ರಂಥಗಳು ಇಂಗ್ಲಿಷಿನಲ್ಲಿವೆ, ತೆಂಗಿನ ಸೀಮೆಯ ಅಜ್ಜಿಯ ನೋವು ಕನ್ನಡದಲ್ಲಿದೆ. ‘ಸುಸ್ತು’, ‘ಉರಿ’, ‘ಸೆಳೆತ’, ‘ಜೋಮು’ ಒಂದೊಂದೂ ಬೇರೆ ಬೇರೆ ಸಂಕಟವನ್ನು ಸೂಚಿಸುತ್ತದೆ. ಅವುಗಳ ಅಂತರವನ್ನು ಅರಿಯದ ವೈದ್ಯನು ಎಷ್ಟು ಓದಿದ್ದರೂ ಅರ್ಧ ಕಿವುಡನೇ.

ಅಭಿನಯದಿಂದ ಕರುಣೆ ಹುಟ್ಟುವುದೆ ಎಂದು ಕೆಲವರು ಕೇಳಬಹುದು. ಕರುಣೆಯಿದ್ದರೂ ಅದನ್ನು ತೋರುವ ಬಗೆಯರಿಯದ ವೈದ್ಯರುಂಟು. ವಾಸಿಯಾಗದ ಕಾಯಿಲೆಯ ಸುದ್ದಿಯನ್ನು ಮನೆಯವರಿಗೆ ತಿಳಿಸುವಾಗ ಎಲ್ಲಿ ತಡೆಯಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಒಮ್ಮೆಗೇ ಒಲಿಯುವುದಿಲ್ಲ. ಅಭಿನಯಿಸಿದ ರೋಗಿಯು “ನೀವು ನನ್ನ ಮುಖವನ್ನೇ ನೋಡಲಿಲ್ಲ” ಎಂದು ಹೇಳಿದಾಗ ವಿದ್ಯಾರ್ಥಿಯ ಕಣ್ಣು ತೆರೆಯುತ್ತದೆ. ಆ ಅರಿವು ಮುಂದೆ ನಿಜವಾದ ರೋಗಿಯ ಮುಂದೆ ನಿಂತಾಗ ನೆರವಾಗುತ್ತದೆ.

ಔಷಧವು ದೇಹವನ್ನು ಮುಟ್ಟುವ ಮೊದಲು ಮಾತು ಮನಸ್ಸನ್ನು ಮುಟ್ಟಬೇಕು. ಕೇಳುವವರಿದ್ದಾರೆಂಬ ಧೈರ್ಯವಿದ್ದಲ್ಲಿ ರೋಗಿಯು ಮರೆಮಾಚಿದುದನ್ನೂ ಹೇಳುತ್ತಾನೆ. ಅದನ್ನು ಕೇಳಿಸಿಕೊಳ್ಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಪ್ರಶ್ನೆಗಳು
1. ರೈತನು ಕೊಬ್ಬರಿಯನ್ನು ಪರೀಕ್ಷಿಸುವ ಬಗೆಗೂ ವೈದ್ಯನ ಕೆಲಸಕ್ಕೂ ಇರುವ ಹೋಲಿಕೆಯೇನು?
2. ಡಾ. ಬ್ಯಾರೋಸ್ ಕಂಡುಕೊಂಡ ಪದ್ಧತಿಯನ್ನು ವಿವರಿಸಿರಿ.
3. ವೈದ್ಯನು ರೋಗಿಯ ಭಾಷೆಯನ್ನು ಏಕೆ ಅರಿತಿರಬೇಕು?